ಕಾರಿನ ಬೀಗ ಹೆಪ್ಪುಗಟ್ಟಿದೆ, ಕೀ ಒಳಗೇ ಹೋಗ್ತಿಲ್ಲ. ಬಿಸಿನೀರು ಹಾಕಬಹುದಾ?

ಕ್ಯಾಲ್ಗರಿ ಹೊಸಬ:
ನಮಸ್ಕಾರ. ಕೆನಡಾದಲ್ಲಿ ಇದು ನನ್ನ ಮೊದಲ ಚಳಿಗಾಲ. 2012ರ ಸೆಕೆಂಡ್ ಹ್ಯಾಂಡ್ ಸೆಡಾನ್. ಗ್ಯಾರೇಜ್ ಇಲ್ಲ, ರಸ್ತೆ ಬದಿಯಲ್ಲೇ ನಿಲ್ಲಿಸೋದು. ಈಗ ಹೊರಗೆ -24. ರಿಮೋಟ್ ಒತ್ತಿದರೆ ಸದ್ದೇ ಇಲ್ಲ. ಡ್ರೈವರ್ ಬಾಗಿಲಿನ ಕೀ ತೂತಿಗೆ ಕೀ ಹಾಕಿದರೆ ಅರ್ಧಕ್ಕೇ ನಿಲ್ಲುತ್ತೆ. ಮೊನ್ನೆ ಭಾನುವಾರ +6 ಇತ್ತು, ಒಳ್ಳೆ ಬಿಸಿಲು ಅಂತ ಕಾರಿಗೆ ಅಂಟಿದ್ದ ಉಪ್ಪನ್ನೆಲ್ಲ (ಐಸ್ ಕರಗಲಿ ಅಂತ ರಸ್ತೆಗೆ ಹಾಕೋದು) ತೊಳೆಸಿಕೊಂಡು ಬಂದಿದ್ದೆ. ಮನೆಯಲ್ಲಿ ಕೆಟಲ್ ತುಂಬ ನೀರು ಕಾಯ್ತಿದೆ. ಸುರಿಯಲಾ? ಎಂಟಕ್ಕೆ ಶಿಫ್ಟ್ ಇದೆ.

ಮೈನಸ್ ನಲವತ್ತು:
ಬೇಡ ಗುರು, ಕೆಟಲ್ ಕೆಳಗಿಡಿ! ಆ ಚಳಿಯಲ್ಲಿರೋ ಗಾಜಿಗೆ ಕುದಿಯೋ ನೀರು ತಾಗಿದರೆ ಬಿರುಕು ಬಿಡಬಹುದು. ಬಿಡದಿದ್ದರೂ ಆ ನೀರು ಬಾಗಿಲೊಳಗೆ ಇಳಿದು ಹತ್ತು ನಿಮಿಷದಲ್ಲಿ ಮತ್ತೆ ಐಸ್ ಆಗುತ್ತೆ. ಆಗ ಈಗಿರೋದಕ್ಕಿಂತ ದುಪ್ಪಟ್ಟು ಕೆಲಸ.

ಮೊದಲು ರಿಮೋಟ್ ನೋಡಿ. ಒಳಗಿರೋ ಬಿಲ್ಲೆ ಬ್ಯಾಟರಿ ಚಳಿಗೆ ಸೊರಗುತ್ತೆ. ಐದು ನಿಮಿಷ ಕಂಕುಳಲ್ಲಿ ಇಟ್ಕೊಂಡು ಬೆಚ್ಚಗೆ ಮಾಡಿ, ಆಮೇಲೆ ಎರಡು ಸಲ ಒತ್ತಿ. ಎಷ್ಟೋ ಕಾರುಗಳಲ್ಲಿ ಒಂದು ಸಲ ಒತ್ತಿದರೆ ಡ್ರೈವರ್ ಬಾಗಿಲಷ್ಟೇ ಅನ್‌ಲಾಕ್ ಆಗೋದು. ನಿಮ್ಮದು ಅದೇ ಕಚ್ಚಿಕೊಂಡಿದೆ. ಬೇರೆ ಮೂರು ಚೆನ್ನಾಗೇ ಇರಬಹುದು.

ಆಗಲಿಲ್ಲ ಅಂದ್ರೆ ಕೀಗೆ ಹ್ಯಾಂಡ್ ಸ್ಯಾನಿಟೈಸರ್ ಬಳಿದು ಮೆಲ್ಲಗೆ ಒಳಗೆ ಬಿಡಿ, ಹೊರಗೆ ತೆಗೀರಿ, ಮತ್ತೆ ಬಿಡಿ. ಅದರಲ್ಲಿರೋ ಆಲ್ಕೊಹಾಲ್ ಐಸ್ ಕರಗಿಸುತ್ತೆ. ಜೆಲ್ ಒಳಗೆ ಅಂಟು ಬಿಡುತ್ತೆ ನಿಜ, ಅದನ್ನ ಆಮೇಲೆ ನೋಡ್ಕೊಳ್ಳೋಣ. ಲೈಟರ್‌ನಲ್ಲಿ ಕೀ ಕಾಯಿಸೋ ಉಪಾಯ ಯಾರಾದರೂ ಹೇಳ್ತಾರೆ, ಕಿವಿಗೆ ಹಾಕ್ಕೋಬೇಡಿ. ಕೀಯ ಪ್ಲಾಸ್ಟಿಕ್ ತಲೆಯಲ್ಲಿ ಕಳ್ಳತನ ತಡೆಯೋ ಇಮೊಬಿಲೈಜರ್ ಚಿಪ್ ಇರುತ್ತೆ. ಅದು ಸುಟ್ಟರೆ ಬಾಗಿಲು ತೆಗೆದುಕೊಳ್ಳುತ್ತೆ, ಕಾರು ಸ್ಟಾರ್ಟ್ ಆಗಲ್ಲ. ಕೀಯನ್ನ ಬಲವಂತವಾಗಿ ತಿರುಗಿಸಲೂ ಬೇಡಿ, ಮುರಿದು ಒಳಗೇ ಉಳಿದರೆ ಬೀಗದವನನ್ನೇ ಕರೆಸಬೇಕು.

ತಿಪಟೂರು ಕೊಬ್ಬರಿ:
ಬಾಗಿಲಿನ ಅಂಚಿನ ರಬ್ಬರ್‌ಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಹಿಡ್ಕೊಳ್ಳಲ್ಲ ಅಂತ ಕೇಳಿದ್ದೀನಿ.

ಮಿನೆಸೋಟ ಅಕ್ಕ:
@ತಿಪಟೂರು ಕೊಬ್ಬರಿ, ನಿಮ್ಮೂರಲ್ಲೇ ಡಿಸೆಂಬರ್ ಬೆಳಿಗ್ಗೆ ಬಾಟಲಿಯಿಂದ ಎಣ್ಣೆ ಬೀಳಲ್ಲ, ಒಲೆ ಪಕ್ಕ ಇಡಬೇಕು. 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗೋ ಎಣ್ಣೆಯನ್ನ -24ಕ್ಕೆ ಹಚ್ಚಿದರೆ ಅದೇ ಮೇಣವಾಗಿ ಕೂರುತ್ತೆ :)

ಹೊಸಬರೇ, ಅನ್‌ಲಾಕ್ ಆದ ಸದ್ದು ಬಂದೂ ಬಾಗಿಲು ಬರದಿದ್ದರೆ ಅದು ಬೀಗದ ದೋಷ ಅಲ್ಲ, ಬಾಗಿಲ ಸುತ್ತಲಿನ ಬೀಡಿಂಗ್, ಅಂದ್ರೆ ರಬ್ಬರ್ ಪಟ್ಟಿ, ಹಿಡ್ಕೊಂಡಿದೆ. ಹ್ಯಾಂಡಲ್ ಜಗ್ಗಬೇಡಿ, ಒಳಕ್ಕೆ ತಳ್ಳಿ. ಬಾಗಿಲಿನ ಅಂಚುಗುಂಟ ಅಂಗೈ ಊರಿ, ಸೊಂಟ ಕೊಟ್ಟು ಒತ್ತುತ್ತಾ ಬನ್ನಿ. ಒಳಗೆ ಚಟಚಟ ಅಂತ ಐಸ್ ಒಡೆಯೋ ಸದ್ದು ಕೇಳುತ್ತೆ. ಅದಾದ ಮೇಲೆ ಎಳೀರಿ. ನಾನು ಮೊದಲ ವರ್ಷ ಸಿಟ್ಟಲ್ಲಿ ಜಗ್ಗಿ ಹ್ಯಾಂಡಲ್ ಕೈಗೇ ಬಂತು. ಮಾರ್ಚ್‌ವರೆಗೂ ಪಕ್ಕದ ಸೀಟಿಂದ ಗೇರ್ ದಾಟಿ ಕೂರ್ತಿದ್ದೆ, ಸೀರೆಯಲ್ಲೂ.

ಕ್ಯಾಲ್ಗರಿ ಹೊಸಬ:
ಎರಡು ಸಲ ಒತ್ತಿದ್ದೇ ತಡ, ಪಕ್ಕದ ಬಾಗಿಲು ಟಕ್ ಅಂತು! ತಳ್ಳಿ ಎಳೆದೆ, ಬಂತು. ಒಳಗಿಂದ ಹೀಟರ್ ಹಾಕಿ ಇಪ್ಪತ್ತು ನಿಮಿಷಕ್ಕೆ ಡ್ರೈವರ್ ಬಾಗಿಲೂ ತೆಗೆದೆ. ಈಗ ಹೊಸ ತಲೆನೋವು: ಅದು ಮುಚ್ಕೊಳ್ತಿಲ್ಲ. ಬಡಿದರೆ ಪುಟಿದು ವಾಪಸ್ ಬರುತ್ತೆ. ಬಾಗಿಲನ್ನ ಸೀಟ್ ಬೆಲ್ಟ್‌ಗೆ ಕಟ್ಟಿಕೊಂಡು ಹೋಗಿಬಿಡ್ಲಾ?

ಮೈನಸ್ ನಲವತ್ತು:
ಖಂಡಿತ ಬೇಡ. ಶಿಫ್ಟ್‌ಗೆ ಫೋನ್ ಮಾಡಿ ಲೇಟ್ ಅಂತ ಹೇಳಿ. ಕ್ಯಾಲ್ಗರಿಯಲ್ಲಿ ಈ ಕಾರಣ ಎಲ್ಲರಿಗೂ ಅರ್ಥ ಆಗುತ್ತೆ.

ಲ್ಯಾಚ್ ಹೆಪ್ಪುಗಟ್ಟಿದೆ. ಬಾಗಿಲಿನ ಅಂಚಲ್ಲಿ ಕೊಕ್ಕೆ ಥರದ ಲೋಹ ಕಾಣುತ್ತಲ್ಲ, ಬಾಗಿಲು ಹಾಕಿದಾಗ ಅದು ಕಾರಿನ ಚೌಕಟ್ಟಿನ ಕಂಬಿಯನ್ನ ಹಿಡ್ಕೋಬೇಕು. ಒಳಗಿನ ಗ್ರೀಸ್ ಗಟ್ಟಿಯಾಗಿ, ಜೊತೆಗೆ ನೀರೂ ಕಟ್ಟಿ ಕೊಕ್ಕೆ ಬಿಗಿದಿದೆ. ಡಿಐಸರ್ (ಐಸ್ ಕರಗಿಸೋ ದ್ರಾವಣ) ಇದ್ದರೆ ಅದನ್ನ, ಇಲ್ಲವಾದರೆ ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲನ್ನ ಅಲ್ಲಿಗೆ ಧಾರಾಳವಾಗಿ ಬಿಡಿ. ಶುದ್ಧವಾಗಿದ್ದರೆ ಅದು ಹೆಪ್ಪುಗಟ್ಟೋಕೆ -89 ಬೇಕು, ಕ್ಯಾಲ್ಗರಿ ಅಲ್ಲಿಗೆ ಇನ್ನೂ ಹೋಗಿಲ್ಲ. ಎರಡು ನಿಮಿಷ ಬಿಟ್ಟು ಸ್ಕ್ರೂಡ್ರೈವರ್‌ನಿಂದ ಕೊಕ್ಕೆಯನ್ನ ಮುಚ್ಚೋ ಕಡೆಗೆ ತಿರುಗಿಸಿ, ಹ್ಯಾಂಡಲ್ ಎಳೆದು ಬಿಡಿಸಿ. ಸಲೀಸಾಗೋವರೆಗೂ ಹೀಗೇ ಮಾಡಿ. ಒಂದು ಎಚ್ಚರ: ಕೊಕ್ಕೆ ಮುಚ್ಚಿದ ಸ್ಥಿತಿಯಲ್ಲಿರುವಾಗ ಬಾಗಿಲು ಬಡಿದರೆ ಲ್ಯಾಚೇ ಹಾಳಾಗುತ್ತೆ. ಬಡಿಯೋ ಮುಂಚೆ ಬಿಡಿಸಿರಿ.

ಕ್ಯಾಲ್ಗರಿ ಹೊಸಬ:
ಆಯ್ತು ಸರ್, ಮುಚ್ಚಿತು. ಒಂಬತ್ತೂವರೆಗೆ ಕೆಲಸಕ್ಕೆ ಬಂದೆ. ಆದರೆ ಪಕ್ಕದ ಮನೆಯವರ ಕಾರೂ ಅದೇ ರಸ್ತೆಯಲ್ಲೇ ಇತ್ತು, ಅವರದ್ದು ಆರಾಮಾಗಿ ತೆಗೀತು. ಯಾಕೆ?

ಮೈನಸ್ ನಲವತ್ತು:
ಅವರು ಭಾನುವಾರ ಕಾರು ತೊಳೆಸಿಲ್ಲ. ಬರೀ ಚಳಿಗೆ ಬಾಗಿಲು ಹಿಡ್ಕೊಳ್ಳಲ್ಲ, ನೀರು ಬೇಕು. ನಿಮ್ಮ +6 ಬಂದಿದ್ದು ಚಿನೂಕ್ ಗಾಳಿಯಿಂದ. ರಾಕಿ ಪರ್ವತ ಇಳಿದು ಬರೋ ಒಣ ಬಿಸಿಗಾಳಿ ಅದು, ಕೆಲವೇ ಗಂಟೆಯಲ್ಲಿ 20 ಡಿಗ್ರಿ ಏರಿಸಿಬಿಡುತ್ತೆ. ಹಿಮ ಕರಗಿ ಸಂದಿಗೆಲ್ಲ ಇಳಿಯುತ್ತೆ. ಗಾಳಿ ನಿಂತ ರಾತ್ರಿ ಎಲ್ಲ ಐಸ್. ಹಾಗಾಗಿ ಇಲ್ಲಿ ಹೆದರಬೇಕಾದ್ದು ಬೆಚ್ಚಗಿನ ದಿನದ ಮರುದಿನಕ್ಕೆ. ಇನ್ಮೇಲೆ ತೊಳೆಸಿದರೆ ನಾಲ್ಕೂ ಬಾಗಿಲು ತೆಗೆದು ಅಂಚು, ಬೀಡಿಂಗ್ ಒರೆಸಿ, ಹೀಟರ್ ಹಾಕಿ ಅರ್ಧ ಗಂಟೆ ಓಡಿಸಿ ಆಮೇಲೆ ನಿಲ್ಲಿಸಿ.

ಮಿನೆಸೋಟ ಅಕ್ಕ:
ಬೀಡಿಂಗ್ ಒಣಗಿದ ಮೇಲೆ ಬಟ್ಟೆಗೆ ಸಿಲಿಕೋನ್ ಸ್ಪ್ರೇ ಹೊಡೆದು ಸವರಿ. ವ್ಯಾಸಲೀನ್ ಬೇಡ, ಪೆಟ್ರೋಲಿಯಂ ಜೆಲ್ಲಿಗೆ ಕೆಲವು ಥರದ ರಬ್ಬರ್ ಉಬ್ಬುತ್ತೆ. ಕೀ ತೂತಿಗೆ ಗ್ರಾಫೈಟ್ ಪುಡಿ. ಡಬ್ಲ್ಯುಡಿ-40 ಸ್ಪ್ರೇ ನೀರನ್ನ ಓಡಿಸುತ್ತೆ, ಆದರೆ ಬಹಳ ದಿನ ಬಾಳಲ್ಲ. ಅದರ ಮೇಲೆ ಗ್ರಾಫೈಟ್ ಹಾಕಿದರೆ ಎರಡೂ ಸೇರಿ ಕಪ್ಪು ರಾಡಿ. ಬಾಗಿಲಿನ ತಳದಲ್ಲಿ ನೀರು ಹೋಗೋ ಸಣ್ಣ ತೂತುಗಳಿವೆ, ಕಟ್ಟಿಕೊಂಡಿದೆಯಾ ನೋಡಿ. ಮತ್ತೆ, ಡಿಐಸರ್ ಡಬ್ಬಿಯನ್ನ ಕಾರಲ್ಲಿ ಇಡಬೇಡಿ ಮಾರಾಯ್ರೆ! ಜಾಕೆಟ್ ಜೇಬಲ್ಲಿರಲಿ.

ಕ್ಯಾಲ್ಗರಿ ಹೊಸಬ:
ಡಬ್ಬಿ ತಂದು ನೇರ ಗ್ಲೋವ್ ಬಾಕ್ಸ್‌ಗೇ ಹಾಕಿದ್ದೆ, ನಿಮ್ಮ ಮಾತು ಓದಿ ಎದ್ದು ಹೋಗಿ ತಂದೆ. ಡ್ರೈವರ್ ಬಾಗಿಲಿನ ತಳದ ತೂತಲ್ಲಿ ಕೊಳೆತ ಎಲೆ, ಮಣ್ಣು ಕೂತಿತ್ತು. ಕಡ್ಡಿಯಿಂದ ಚುಚ್ಚಿದರೆ ಐಸಿನ ಚೂರು ಉದುರಿತು. ಇವತ್ತು -27, ಮೂರು ಬಾಗಿಲು ಸಲೀಸಾಗಿ ತೆಗೆದವು. ಹಿಂದಿನ ಎಡಗಡೆಯದ್ದು ಕಚ್ಚಿಕೊಂಡಿದೆ. ಸಿಲಿಕೋನ್ ಸ್ಪ್ರೇ ಅಷ್ಟರಲ್ಲಿ ಮುಗಿದಿತ್ತು.