ಅಪ್‌ಡೇಟ್: ಬಿಟ್ಟಂಗಾಲದ ಗಾಲ್ಫ್ ಪಂದ್ಯ ಮುಗೀತು, ಬಿಲ್ ಭಾವನದ್ದು

ನಮ್ಮ ನಾಲ್ವರಲ್ಲಿ ಭಾವನ ಹ್ಯಾಂಡಿಕ್ಯಾಪ್ (ಆಟಗಾರನಿಗೆ ಸಿಗುವ ರಿಯಾಯಿತಿ ಹೊಡೆತಗಳು) 8, ನನ್ನದು 24. ಸೋತವರು ಊಟ ಕೊಡಿಸಬೇಕು ಅಂದರೆ ಪಂದ್ಯ ಸಮವಾಗುವುದು ಹೇಗೆ ಅಂತ ಕೇಳಿದ್ದೆ. ಹೆಚ್ಚಿನವರು ಸ್ಟೇಬಲ್‌ಫರ್ಡ್, ಅಂದರೆ ಪ್ರತಿ ಹೋಲ್‌ಗೂ ಅಂಕ ಕೊಡುವ ಲೆಕ್ಕ, ಅಂದಿರಿ. ಅದನ್ನೇ ಆಡಿದೆವು.

ಗೊತ್ತಿಲ್ಲದವರಿಗೆ: ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್‌ಗೆ (ಹೋಲ್‌ಗೆ ನಿಗದಿಯಾದಷ್ಟೇ ಹೊಡೆತ) 2 ಅಂಕ, ಬೋಗಿಗೆ (ಒಂದು ಹೆಚ್ಚು) 1, ಬರ್ಡಿಗೆ (ಒಂದು ಕಡಿಮೆ) 3. ಬೋಗಿಗಿಂತ ಕೆಟ್ಟದಾದರೆ ಸೊನ್ನೆ. 24 ಇರುವ ನನಗೆ ಪ್ರತಿ ಹೋಲ್‌ಗೂ ಒಂದು ಹೊಡೆತ ರಿಯಾಯಿತಿ, ಅತಿ ಕಷ್ಟದ ಆರು ಹೋಲ್‌ಗಳಲ್ಲಿ ಎರಡು. ಹಾಗಾಗಿ ಅಂಥ ಪಾರ್ 4ರಲ್ಲಿ ಆರು ಹೊಡೆದರೂ ನನಗೆ 2 ಅಂಕ! ಭಾವ ಐದೇ ಹೊಡೆದೂ ನನ್ನಷ್ಟೇ 2 ಅಂಕ ತಗೊಂಡಾಗ ಅವನ ಮುಖ ನೋಡಬೇಕಿತ್ತು.

ಇದರ ನಿಜವಾದ ಲಾಭ ಬೇರೆ. ಒಂದು ಹೋಲ್ ಕೆಟ್ಟರೆ ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು. ಹತ್ತು, ಹನ್ನೊಂದು ಅಂತ ಎಣಿಸುತ್ತಾ ಹಿಂದಿನವರನ್ನು ಕಾಯಿಸಬೇಕಿಲ್ಲ.

ಜಗಳ ಆಗಿದ್ದು ಒಂದೇ ಕಡೆ. ಮಳೆ ಬಂದು ನೆಲ ಮೆತ್ತಗಿತ್ತು, ನನ್ನ ಚೆಂಡು ಫೇರ್‌ವೇಯಲ್ಲಿ (ಹುಲ್ಲು ಕತ್ತರಿಸಿದ ಹಾದಿ) ತಾನು ಬಿದ್ದು ಆದ ಕುಳಿಯಲ್ಲೇ ಹೂತುಕೊಂಡಿತು. ದಂಡವಿಲ್ಲದೆ ಎತ್ತಿ ಡ್ರಾಪ್ ಮಾಡಬಹುದು, ಅಂದರೆ ಕೈಯಿಂದ ಪಕ್ಕಕ್ಕೆ ಬೀಳಿಸಿ ಆಡಬಹುದು ಅಂದೆ, ಭಾವ ಒಪ್ಪಲಿಲ್ಲ. ನಿಯಮ ತೆಗೆದು ತೋರಿಸಿದ ಮೇಲೆ ಸುಮ್ಮನಾದ. ಕಳೆದ ಚೆಂಡು ಹುಡುಕಲು ಅವನು ಐದು ನಿಮಿಷ ಕೇಳಿದ್ದಕ್ಕೂ ನಿಯಮವೇ ಉತ್ತರ: 2019ರಿಂದ ಮೂರೇ ನಿಮಿಷ.

ವಿರಾಜಪೇಟೆಯಲ್ಲಿ ಪಂದಿ ಕರಿ, ಕಡುಂಬುಟ್ಟು ಹೊಡೆದೆವು. ಮುಂದಿನ ಸಲ ಮಡಿಕೇರಿಯಲ್ಲಿ ಅಂತೆ, ಜೋಡಿ ಜೋಡಿಯಾಗಿ. ಜೋಡಿ ಆಟಕ್ಕೆ ಯಾವ ಲೆಕ್ಕ ಚೆನ್ನ, ಹೇಳ್ತೀರಾ?