ಅಪ್ಪನ ಪದ್ಮಿನಿಗೆ ನೈಲಾನ್ ಟಯರ್ ಹಾಕಲೋ, ರೇಡಿಯಲ್ ಹಾಕಲೋ? ಅನುಭವ ಇದ್ದವರು ಹೇಳಿ

ಬದಿಯಡ್ಕ ಪದ್ಮಿನಿ:
ಎಲ್ಲರಿಗೂ ನಮಸ್ಕಾರ. ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು, 1978ರದ್ದು. ಐದು ವರ್ಷದಿಂದ ಶೆಡ್ಡಿನಲ್ಲೇ ಉಂಟು. ಎಂಜಿನ್, ಬ್ರೇಕ್ ಕೆಲಸ ಮುಗಿಯಿತು. ಈಗ ಟಯರ್ ಬಾಕಿ. ಇರುವುದು 5.20-14 ನೈಲಾನ್ (ಒಳಗೆ ನೂಲು ಓರೆಯಾಗಿ ಹೆಣೆದ ಹಳೇ ತರದ್ದು), ನಾಲ್ಕೂ ಬಿರುಕು ಬಿಟ್ಟಿವೆ. ಅದೇ ಹಾಕಲೋ, ಒಳಗೆ ಸ್ಟೀಲ್ ಪಟ್ಟಿ ಇರುವ ಈಗಿನ ತರದ ರೇಡಿಯಲ್‌ಗೆ ಹೋಗಲೋ? ಓಡಾಟ ಕುಂಬಳೆ, ಕಾಸರಗೋಡು, ತಿಂಗಳಿಗೊಮ್ಮೆ ಮಂಗಳೂರು. ಅಪ್ಪನಿಗೆ 79. ಮದುವೆ ಮನೆಗೆ ತಾನೇ ಓಡಿಸಿಕೊಂಡು ಹೋಗಬೇಕು ಅಂತ ಅವರ ಆಸೆ. ಹಾಗಾಗಿ ಸ್ಟೇರಿಂಗ್ ಭಾರ ಆಗಬಾರದು. ಕೈಯಲ್ಲಿ 20 ಸಾವಿರ ಉಂಟು.

ಪೆರ್ಲ 86:
ರೇಡಿಯಲ್ ಹಾಕಿ. ಆದರೆ ನಾಲ್ಕೂ ಹಾಕಿ. ನಾನು ಎರಡು ಹಾಕಿ ಅನುಭವಿಸಿದ್ದೇನೆ.

ನನ್ನದು 1986ರ ಪದ್ಮಿನಿ. 2019ರಲ್ಲಿ ಕೈ ಬಿಗಿ ಇತ್ತು, ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿತ್ತು. ಮುಂದಿನ ಎರಡಕ್ಕೆ ಮಾತ್ರ ರೇಡಿಯಲ್ ಹಾಕಿಸಿದೆ, ಹಿಂದೆ ಹಳೇ ನೈಲಾನ್ ಉಳಿಯಿತು. ಟಯರ್ ಅಂಗಡಿಯವರು ಬೇಡ ಅಂತ ಒಂದು ಮಾತು ಹೇಳಲಿಲ್ಲ. ಮರುವರ್ಷ ಜೂನ್‌ನ ಮೊದಲ ಮಳೆ. ಪೆರ್ಲದಿಂದ ಅಡ್ಕಸ್ಥಳದ ಕಡೆ ಹೋಗುವಾಗ ಒಂದು ತಿರುವಿನಲ್ಲಿ ಮುಂದಿನ ಟಯರ್ ರಸ್ತೆ ಹಿಡಿಯಿತು, ಹಿಂದಿನದು ಹಿಡಿಯಲಿಲ್ಲ. ಗಾಡಿ ಅರ್ಧ ಸುತ್ತು ತಿರುಗಿ ಹಿಂಬದಿ ರಸ್ತೆ ಬದಿಯ ದರೆಗೆ, ಮಣ್ಣಿನ ಗೋಡೆಗೆ, ಬಡಿಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು.

ಡಿಕ್ಕಿ ಬಾಗಿಲು, ಮಡ್‌ಗಾರ್ಡ್ ಟಿಂಕರಿಂಗ್ ಮತ್ತು ಪೇಂಟ್ 18,500. ಹಳೇ ಕ್ರೋಮ್ ಬಂಪರ್ ಹುಡುಕಿ ತಂದದ್ದು 3,200. ಟೈಲ್ ಲ್ಯಾಂಪ್ ಗ್ಲಾಸ್ 650. ಅಮ್ಮನ ಮಣಿಗಂಟಿನ ಎಕ್ಸ್‌ರೇ 400. ಒಟ್ಟು 22,750. ಇನ್ನೆರಡು ಟಯರ್ ತೆಗೆದುಕೊಂಡಿದ್ದರೆ 9,400ರಲ್ಲಿ ಮುಗಿಯುತ್ತಿತ್ತು. ಆ ಲೆಕ್ಕ ಇವತ್ತಿಗೂ ತಲೆಯಲ್ಲಿ ತಿರುಗುತ್ತದೆ.

ಎರಡೇ ಹಾಕುವ ಗತಿ ಬಂದರೆ ರೇಡಿಯಲ್ ಹಿಂದೆ ಇರಬೇಕು, ಮುಂದೆ ಅಲ್ಲ. ಎಡಕ್ಕೊಂದು ಬಲಕ್ಕೊಂದು ಅಂತೂ ಯಾವತ್ತೂ ಬೇಡ. ಈಗ ನಾಲ್ಕೂ 165/80 ಆರ್14, ಅಂದರೆ 165 ಮಿಲಿಮೀಟರ್ ಅಗಲದ ರೇಡಿಯಲ್. ಸ್ವಿಫ್ಟಿಗೆ ಬರುವ ಸೈಜು, ಎಲ್ಲಿ ಕೇಳಿದರೂ ಸಿಗುತ್ತದೆ. ಮಳೆಯಲ್ಲಿ ಈಗ ಧೈರ್ಯವಾಗಿ ಓಡಿಸುತ್ತೇನೆ.

ಉಪ್ಪಳ ಅಂಬಾಸಿಡರ್:
ಈ ರೇಡಿಯಲ್ ಮಾತು ಕೇಳಿ ನಾನು ಕಳೆದುಕೊಂಡ ದುಡ್ಡಿನ ಲೆಕ್ಕವನ್ನೂ ಬರೆಯುತ್ತೇನೆ. 1984ರ ಅಂಬಾಸಿಡರ್, 5.90-15. ಮೊದಲಿಂದ ನೈಲಾನ್, ಆರು ಪ್ಲೈ, ಅಂದರೆ ಆರು ಪದರದ ಬಲದ್ದು. 2021ರಲ್ಲಿ ಅಣ್ಣನ ಮಗ ಒತ್ತಾಯ ಮಾಡಿದ ಅಂತ ರೇಡಿಯಲ್ ಹಾಕಿಸಿದೆ. ಟಯರ್ ನಾಲ್ಕಕ್ಕೆ 20,800. ಟ್ಯೂಬ್ 2,200. ಫಿಟ್ಟಿಂಗ್, ಬ್ಯಾಲೆನ್ಸಿಂಗ್ 800. ಒಟ್ಟು 23,800.

ಹನ್ನೊಂದು ತಿಂಗಳು. ಅಷ್ಟೇ. ಚೆರ್ಕಳದ ಆಚೆ ರಸ್ತೆ ಅಗೆದು ಜಲ್ಲಿ ಹಾಕಿದ್ದರು. ಒಂದೇ ವಾರದಲ್ಲಿ ಎರಡು ಟಯರಿನ ಪಕ್ಕ ಸೀಳಿತು. ರೇಡಿಯಲ್‌ನ ಪಕ್ಕ ತೆಳು. ಪಕ್ಕದಲ್ಲಿ ಸೀಳಿದರೆ ಪಂಚರ್ ಅಂಗಡಿಯಲ್ಲೂ ಕೈ ಮುಗಿಯುತ್ತಾರೆ, ಅದಕ್ಕೆ ಮದ್ದಿಲ್ಲ. ಉಳಿದ ಎರಡನ್ನು 4,500ಕ್ಕೆ ಕೊಟ್ಟೆ. ನಡುವೆ ಮುಂದಿನ ಸಸ್ಪೆನ್ಷನ್ನಿನ ಬುಷ್ ಕೆಲಸ 4,600. ಆ ಬುಷ್ ಅದಕ್ಕೆ ಮೊದಲು ಎಂಟು ವರ್ಷ ಬಂದಿತ್ತು.

ಈಗ ಪುನಃ ನೈಲಾನ್. ಬೆಳಿಗ್ಗೆ ಮೊದಲ ಎರಡು ಕಿಲೋಮೀಟರ್ ಧಡ್ ಧಡ್ ಅಂತ ಬಡಿಯುತ್ತದೆ, ನಿಂತಲ್ಲಿ ಚಪ್ಪಟೆ ಆಗಿರುತ್ತದಲ್ಲ. ಬಿಸಿ ಆದ ಮೇಲೆ ಸರಿಯಾಗುತ್ತದೆ. ಸ್ಟೇರಿಂಗ್ ಹಗುರ. ಆ ಗಾಡಿಯನ್ನು ಮಾಡಿದವರು ಆ ಟಯರಿಗೆ ಅಂತಲೇ ಮಾಡಿದ್ದಾರೆ. ಅದನ್ನು ಬದಲಾಯಿಸಲು ನಾವು ಯಾರು?

ಪೆರ್ಲ 86:
ಅಂಬಾಸಿಡರಿನ ಕಥೆ ಪದ್ಮಿನಿಗೆ ಆಗುವುದಿಲ್ಲ. ತೂಕ ಬೇರೆ, ಮುಂದಿನ ಸಸ್ಪೆನ್ಷನ್ ಬೇರೆ. ಜಲ್ಲಿ ರಸ್ತೆಗೆ ಯಾವ ಟಯರೂ ಸೀಳುತ್ತದೆ.

ಉಪ್ಪಳ ಅಂಬಾಸಿಡರ್:
ನೀವು ಎರಡು ತರದ ಟಯರ್ ಬೆರೆಸಿ ದರೆಗೆ ಗುದ್ದಿದಿರಿ. ಅದಕ್ಕೆ ನೈಲಾನ್ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ ಮಾರಾಯ್ರೇ?

ಪೆರ್ಲ 86:
ತಪ್ಪು ನನ್ನದು ಅಂತ ಬರೆದಿದ್ದೇನೆ. ಇನ್ನೊಬ್ಬರಿಗೆ ಹಾಗೆ ಆಗಬಾರದು ಅಂತಲೇ ಬರೆದದ್ದು. ಅಮ್ಮನ ಕೈ ಇನ್ನೂ ಮಳೆಗಾಲದಲ್ಲಿ ನೋಯುತ್ತದೆ. ಅದನ್ನು ಎತ್ತಿ ಆಡಬೇಡಿ.

ನೀರ್ಚಾಲು ಹೆರಾಲ್ಡ್:
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಟಯರ್ ಹುಟ್ಟಿದ್ದು ಯಾವಾಗ ಅಂತ.

ನನ್ನ ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್, 1968ರದ್ದು. ಅಪ್ಪ ಹೋದ ಮೇಲೆ ನಾನೇ ಇಟ್ಟುಕೊಂಡಿದ್ದೇನೆ, ನಾನೇ ಓಡಿಸುತ್ತೇನೆ. ಸೈಜು 5.20-13. ಕಾಸರಗೋಡಿನಲ್ಲಿ ಮೂರು ಅಂಗಡಿ, ಮಂಗಳೂರಿನಲ್ಲಿ ಐದು, ಕಣ್ಣೂರಿನಲ್ಲಿ ಎರಡು ಕೇಳಿದೆ. ಕಡೆಗೆ ಒಂದು ಕಡೆ ಸಿಕ್ಕಿತು. ಒಂದಕ್ಕೆ 2,900, ನಾಲ್ಕಕ್ಕೆ 11,600. ಟ್ಯೂಬ್ 1,800. ಹೊಚ್ಚ ಹೊಸದು, ಕಾಗದ ಸುತ್ತಿ ಇಟ್ಟಿದ್ದರು. 2022ರ ನವೆಂಬರ್. ತುಂಬಾ ಸಂತೋಷದಿಂದ ಮನೆಗೆ ತಂದೆ.

ಹದಿನಾಲ್ಕು ತಿಂಗಳ ನಂತರ, ಸೀತಾಂಗೋಳಿ ಹತ್ತಿರ ಹಿಂದಿನ ಎಡ ಟಯರ್ ಒಡೆಯಿತು. ನಿಧಾನ ಹೋಗುತ್ತಿದ್ದೆ, 40ರಲ್ಲಿ. ಮಗಳು ಜೊತೆಗಿದ್ದಳು. ಸ್ಟೆಪ್ನಿ ಹಾಕಿ ಕೊಟ್ಟ ಹುಡುಗ ಟಯರಿನ ಪಕ್ಕಕ್ಕೆ ಟಾರ್ಚ್ ಹಿಡಿದು ತೋರಿಸಿದ. 1916 ಅಂತ ಇತ್ತು. 2016ರ 19ನೇ ವಾರ. ಅಂದರೆ ನಾನು ತರುವಾಗಲೇ ಅದಕ್ಕೆ ಆರು ವರ್ಷ ದಾಟಿತ್ತು! ರಸ್ತೆಗೆ ತಾಗುವ ಮೈ ಒಂದಿಷ್ಟೂ ಸವೆದಿರಲಿಲ್ಲ. ರಬ್ಬರ್ ಮಾತ್ರ ಒಣಗಿ ಹೋಗಿತ್ತು. ಈ ಸೈಜು ಯಾರೂ ಕೇಳುವುದಿಲ್ಲ, ಹಾಗಾಗಿ ಗೋಡೌನಿನಲ್ಲೇ ಮುದಿಯಾಗುತ್ತದೆ. ಅಂಗಡಿಗೆ ವಾಪಸು ಹೋದೆ. ಬಿಲ್ಲಿನ ದಿನದಿಂದ ಮಾತ್ರ ವಾರಂಟಿ, ಅದೂ ಒಂದು ವರ್ಷ ಅಂದರು.

13,400 ರೂಪಾಯಿ ಹೋಯಿತು. ಅದರ ಬೇಸರಕ್ಕಿಂತ, ಮಗಳು ಮೂರು ತಿಂಗಳು ಆ ಗಾಡಿ ಹತ್ತಲಿಲ್ಲ, ಅದು ಜಾಸ್ತಿ ಬೇಸರ.

ಉಪ್ಪಳ ಅಂಬಾಸಿಡರ್:
ಅಕ್ಕ, ಬೇಸರ ಮಾಡಬೇಡಿ. ಟಯರ್ ಕೊಳ್ಳುವಾಗ ಆ ನಾಲ್ಕು ಅಂಕಿ ನೋಡದೆ ದುಡ್ಡು ಕೊಡುವುದು ತಪ್ಪಲ್ವಾ? ಹಳೇ ಗಾಡಿ ಇಟ್ಟುಕೊಂಡವರಿಗೆ ಇದು ಗೊತ್ತಿರಬೇಕು.

ನೀರ್ಚಾಲು ಹೆರಾಲ್ಡ್:
ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ಮಾರಿದವರಿಗೆ ಗೊತ್ತಿತ್ತು. ತಪ್ಪು ಕೊಂಡವರದ್ದು ಮಾತ್ರ ಹೇಗಾಗುತ್ತದೆ? ನಿಮ್ಮ ನೈಲಾನ್ ಟಯರಿನ ಅಂಕಿ ಎಷ್ಟು? ಒಮ್ಮೆ ನೋಡಿ ಬರೆಯಿರಿ.

ಉಪ್ಪಳ ಅಂಬಾಸಿಡರ್:
ಗಾಡಿ ತಮ್ಮನ ಮನೆಯಲ್ಲಿ ಉಂಟು. ನೋಡಿ ಹೇಳುತ್ತೇನೆ.

ಮಂಜೇಶ್ವರ ಜೀಪು:
ನನ್ನ ಜೀಪಿನ 6.00-16ಕ್ಕೆ ಎರಡು ಸಲ ರೀಸೋಲ್ (ಸವೆದ ಟಯರಿನ ಮೇಲೆ ಹೊಸ ರಬ್ಬರ್ ಕೂರಿಸುವುದು) ಮಾಡಿಸಿದ್ದೇನೆ. ಒಂದಕ್ಕೆ 1,400. ಒಳಗಿನ ನೂಲು ಗಟ್ಟಿ ಇದ್ದರೆ ನೈಲಾನ್ ಟಯರನ್ನು ಎಸೆಯಬೇಕಾಗಿಲ್ಲ. ಎಲ್ಲರೂ ಹೊಸದು ಹೊಸದು ಅಂತ ಯಾಕೆ ಓಡುತ್ತೀರಿ?

ಪೆರ್ಲ 86:
ಐದು ವರ್ಷ ನಿಂತ, ಬಿರುಕು ಬಿಟ್ಟ ಟಯರಿಗೆ ರೀಸೋಲ್? 79 ವರ್ಷದವರು ಓಡಿಸುವ ಗಾಡಿ ಅದು. ದಯವಿಟ್ಟು ಇಂಥ ಸಲಹೆ ಕೊಡಬೇಡಿ.

ಮಂಜೇಶ್ವರ ಜೀಪು:
ನನ್ನ ಅನುಭವ ಹೇಳಿದೆ. ಅವರಿಗೆ ಮಾಡಿಸಿ ಅಂತ ಹೇಳಲಿಲ್ಲ.

ಕಾಸರಗೋಡು ಪೇಟೆ:
ಒರಿಜಿನಲ್ ಒರಿಜಿನಲ್ ಅನ್ನುವವರು ಎರಡು ವಿಷಯ ತಿಳಿಯಬೇಕು. ರೇಡಿಯಲ್ ಏನೂ ಮೊನ್ನೆ ಬಂದದ್ದಲ್ಲ. ಮಿಶೆಲಿನ್ ಕಂಪನಿ 1946ರಲ್ಲೇ ಅದಕ್ಕೆ ಪೇಟೆಂಟ್ ತೆಗೆದುಕೊಂಡಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. ಗಾಡಿಗಿಂತ ರೇಡಿಯಲ್ಲೇ ಹಿರಿಯ.

ಎರಡನೆಯದು, 1978ರ ಗಾಡಿ ಕಾನೂನಿನ ಪ್ರಕಾರ ವಿಂಟೇಜ್ ಅಲ್ಲ. 2021ರ ನಿಯಮದಲ್ಲಿ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಬೇಕು. ಆಮೇಲೆ ವಿಎ ಅಂತ ಇರುವ ನಂಬರ್ ಸಿಗುತ್ತದೆ, ಹೊಸ ರಿಜಿಸ್ಟ್ರೇಷನ್ನಿಗೆ ಫೀಸು 20,000. ಆ ನಂಬರಿನಲ್ಲಿ ದಿನಾ ಪೇಟೆಗೆ ಹೋಗುವ ಹಾಗಿಲ್ಲ. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಅಂತ ಉಂಟು, ಟಯರಿನ ಮಾತಿಲ್ಲ.

ನೀರ್ಚಾಲು ಹೆರಾಲ್ಡ್:
ಅವರು ವಿಂಟೇಜ್ ನಂಬರ್ ಕೇಳಲೇ ಇಲ್ಲವಲ್ಲ. ನನ್ನದು 50 ದಾಟಿದೆ, ಆದರೂ ನಾನು ಆ ನಂಬರ್ ಮಾಡಿಸುವುದಿಲ್ಲ. ವಾರಕ್ಕೊಮ್ಮೆ ಸಂತೆಗೆ ಹೋಗುವ ಗಾಡಿ ಅದು. ಶೆಡ್ಡಿನಲ್ಲಿ ನಿಲ್ಲಿಸಿದರೆ ಟಯರ್ ಮಾತ್ರ ಅಲ್ಲ, ಎಲ್ಲವೂ ಸಾಯುತ್ತದೆ.

ಮುಳ್ಳೇರಿಯ ತೋಟ:
ನನ್ನ ಹತ್ತಿರ ಹಳೇ ಕಾರಿಲ್ಲ. ರಬ್ಬರ್ ಇತ್ತು, 400 ಮರ. ಟಯರಿನ ರೇಟು ನೋಡಿ ಬರೆಯದೆ ಇರಲು ಆಗಲಿಲ್ಲ. 2011ರಲ್ಲಿ ಶೀಟಿಗೆ ಕಿಲೋಗೆ 200 ದಾಟಿತ್ತು. ರಬ್ಬರ್ ಏರಿತು ಅಂತ ಟಯರ್ ಏರಿಸಿದರು. 2016ರ ಹೊತ್ತಿಗೆ 100ರ ಹತ್ತಿರ ಬಂತು. ಮರದಿಂದ ಹಾಲು ತೆಗೆಯುವ ಟಾಪಿಂಗ್ ಕೂಲಿ ಸಹ ಹುಟ್ಟಲಿಲ್ಲ. ಆಗ ಯಾರಾದರೂ ಕಡಿಮೆ ರೇಟಿಗೆ ಟಯರ್ ತಂದಿದ್ದೀರಾ? 2017ರಲ್ಲಿ ಮರ ಕಡಿಸಿ ಅಡಿಕೆ ಹಾಕಿದೆ.

ಮಂಜೇಶ್ವರ ಜೀಪು:
ಸರಿಯಾಗಿ ಹೇಳಿದಿರಿ ಅಣ್ಣ. ಅದಕ್ಕೇ ನಾನು ರೀಸೋಲ್ ಅನ್ನುವುದು.

ಉಪ್ಪಳ ಅಂಬಾಸಿಡರ್:
ಟಯರಿನಲ್ಲಿ ರಬ್ಬರ್ ಮಾತ್ರ ಇರುವುದಾ? ನೂಲು, ಕಾರ್ಬನ್, ತಂತಿ ಎಲ್ಲ ಉಂಟು. ರೇಡಿಯಲ್‌ನಲ್ಲಿ ಸ್ಟೀಲ್ ಜಾಸ್ತಿ.

ಮುಳ್ಳೇರಿಯ ತೋಟ:
400 ಮರ ಕಡಿದವನಿಗೆ ಕಾರ್ಬನ್ ಲೆಕ್ಕ ಹೇಳಬೇಡಿ.

ಬದಿಯಡ್ಕ ಪದ್ಮಿನಿ:
ಎಲ್ಲರಿಗೂ ಧನ್ಯವಾದ. ಸ್ಟೇರಿಂಗ್ ಭಾರದ ಬಗ್ಗೆ ಪದ್ಮಿನಿ ಇದ್ದವರು ಯಾರಾದರೂ ಹೇಳುತ್ತೀರಾ? ಅಪ್ಪನ ಭುಜ ನೋವುಂಟು.

ಕುಂಬಳೆ ಗ್ಯಾರೇಜು:
ನಾನು ಫಿಯಟ್, ಅಂದರೆ ಈ ಪದ್ಮಿನಿ ಕೆಲಸ ಮಾಡಿ 31 ವರ್ಷ ಆಯಿತು. ಸ್ವಂತಕ್ಕೂ ಒಂದು ಉಂಟು, 1982ರದ್ದು. ಪೆರ್ಲದವರು ಹೇಳಿದ 165 ಹಾಕಿ ಮೂರು ವರ್ಷ ಓಡಿಸಿದೆ. ಈ ಗಾಡಿಯ ರಿಮ್ ಸಪುರ. 165 ಅದರಲ್ಲಿ ಉಬ್ಬಿ ಕೂರುತ್ತದೆ. ಎತ್ತರ 620 ಮಿಲಿಮೀಟರ್ ಬರುತ್ತದೆ. ನನ್ನ ಗಾಡಿಯಲ್ಲಿ ಪೂರ್ತಿ ತಿರುಗಿಸಿದಾಗ ಒಳಗೆ ತಾಗುತ್ತಿತ್ತು. ನಿಂತಲ್ಲಿ ತಿರುಗಿಸುವುದಂತೂ ಭಾರವೇ. ಆಮೇಲೆ 155/80 ಆರ್14 ಹಾಕಿದೆ. ಅದು 604. ತಾಗುವುದಿಲ್ಲ, ಸ್ಟೇರಿಂಗ್ ಸ್ವಲ್ಪ ಹಗುರ. ಸಿಗುವುದು ಕಷ್ಟ, ನನಗೆ ಎರಡು ತಿಂಗಳು ಹಿಡಿಯಿತು. ನಾಲ್ಕಕ್ಕೆ 17,200 ಆಯಿತು.

ಇನ್ನೊಂದು. ಈಗ ಬರುವ ಕಾರಿನ ರೇಡಿಯಲ್ ಹೆಚ್ಚಿನವು ಟ್ಯೂಬ್‌ಲೆಸ್. ಹಳೇ ರಿಮ್ಮಿನಲ್ಲಿ ಅಂಚು ಹಿಡಿದು ನಿಲ್ಲಿಸುವ ಉಬ್ಬು ಇರುವುದಿಲ್ಲ. ಹಾಗಾಗಿ ಟ್ಯೂಬ್ ಹಾಕಲೇಬೇಕು, ರೇಡಿಯಲ್ ಟ್ಯೂಬೇ ಆಗಬೇಕು. ಹಾಕುವ ಮೊದಲು ಟಯರಿನ ಒಳಗೆ ಅಂಟಿಸಿದ ಸ್ಟಿಕ್ಕರ್ ಕೆರೆದು ತೆಗೆಯಿರಿ. ಒಂದು ಗಾಡಿಗೆ ತೆಗೆಯದೆ ಹಾಕಿ, ಆ ಕಾಗದವೇ ಉಜ್ಜಿ ಉಜ್ಜಿ ಟ್ಯೂಬ್ ತೂತು ಮಾಡಿತ್ತು. ಮೂರು ಸಲ ಬಿಚ್ಚಿ ನೋಡಿದ ಮೇಲೆ ಗೊತ್ತಾದದ್ದು.

ಭಾರ ಅನ್ನುವವರು ಮೊದಲು ಕಿಂಗ್‌ಪಿನ್ನಿಗೆ (ಮುಂದಿನ ಚಕ್ರ ಆಚೀಚೆ ತಿರುಗುವ ಕೀಲು) ಗ್ರೀಸ್ ಹೊಡೆಸಿ. ನಾನು ನೋಡಿದ ಗಾಡಿಗಳಲ್ಲಿ ಅರ್ಧ ಭಾರ ಅಲ್ಲೇ ಇತ್ತು.

ಪೆರ್ಲ 86:
ನನ್ನ ಗಾಡಿಯಲ್ಲಿ 165 ತಾಗುವುದಿಲ್ಲ.

ಕುಂಬಳೆ ಗ್ಯಾರೇಜು:
ದರೆಗೆ ಬಡಿದ ಮೇಲೆ ಮಡ್‌ಗಾರ್ಡ್ ಹೊಸದಾಗಿ ಕೂರಿಸಿದ್ದಾರಲ್ಲ. ಒಮ್ಮೆ ಗಾಡಿ ತನ್ನಿ, ನೋಡುವ.

ಪೆರ್ಲ 86:
ತಾಗುವುದು ಮುಂದೆ, ಬಡಿದದ್ದು ಹಿಂದೆ. ಓದಿ ಬರೆಯಿರಿ ಅಣ್ಣ.

ಕುಂಬಳೆ ಗ್ಯಾರೇಜು:
ಹೌದು, ತಪ್ಪಾಯಿತು. ಆದರೂ ರಿಮ್ಮಿಗೆ 165 ಅಗಲ ಜಾಸ್ತಿಯೇ. ಆ ಮಾತು ಬದಲಾಯಿಸುವುದಿಲ್ಲ.

ಮಂಜೇಶ್ವರ ಜೀಪು:
ಮಳೆಗಾಲದಲ್ಲಿ ನಿಲ್ಲಿಸುವುದಾದರೆ ನಾಲ್ಕು ಕಡೆ ಕೆಂಪುಕಲ್ಲು ಕೊಟ್ಟು ಎತ್ತಿ ಇಡಿ. ಟಯರ್ ಚಪ್ಪಟೆ ಆಗುವುದಿಲ್ಲ.

ಕುಂಬಳೆ ಗ್ಯಾರೇಜು:
ಕೆಂಪುಕಲ್ಲು ಬೇಡ! ನೆನೆದ ಕಲ್ಲು ಯಾವಾಗ ಒಡೆಯುತ್ತದೆ ಅಂತ ಹೇಳಲು ಬರುವುದಿಲ್ಲ. ಗಾಡಿ ಅಡಿಗೆ ಕೈ ಹಾಕಿದವರ ಕಥೆ ಮುಗಿಯಿತು. ಕಬ್ಬಿಣದ ಸ್ಟ್ಯಾಂಡ್ 1,200ಕ್ಕೆ ಎರಡು ಸಿಗುತ್ತದೆ.

ಮಂಜೇಶ್ವರ ಜೀಪು:
ನಮ್ಮ ಮನೆಯೇ ಅದೇ ಕಲ್ಲಿನಲ್ಲಿ ನಿಂತಿದೆ, 60 ವರ್ಷದಿಂದ.

ನೀರ್ಚಾಲು ಹೆರಾಲ್ಡ್:
ಮನೆಯ ಅಡಿಗೆ ಯಾರೂ ನುಗ್ಗಿ ಗ್ರೀಸ್ ಹೊಡೆಯುವುದಿಲ್ಲ. ಗ್ಯಾರೇಜಿನವರ ಮಾತು ಕೇಳಿ.

ಉಪ್ಪಳ ಅಂಬಾಸಿಡರ್:
ಅಕ್ಕ, ತಮ್ಮನ ಮನೆಗೆ ಹೋಗಿ ನೋಡಿದೆ. ನಾಲ್ಕರಲ್ಲಿ ಮೂರು 2022ರದ್ದು. ಒಂದು 3115. ಬಲಗಡೆ ಮುಂದಿನದು. ನಿನ್ನೆ ಅದರಲ್ಲೇ ತಲಪಾಡಿಗೆ ಹೋಗಿ ಬಂದಿದ್ದೆ. ಬಿಚ್ಚಿ ಇಟ್ಟಿದ್ದೇನೆ.

ಬದಿಯಡ್ಕ ಪದ್ಮಿನಿ:
ನಾನೂ ಟಾರ್ಚ್ ಹಿಡಿದು ನೋಡಿದೆ. ನಾಲ್ಕು ಟಯರೂ 2011ರದ್ದು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯಲ್ಲಿ ಮೂರೇ ಅಂಕಿ ಉಂಟು, 238. ಅದು ಹೇಗೆ ಓದುವುದು?

ಕುಂಬಳೆ ಗ್ಯಾರೇಜು:
ನಾಲ್ಕು ಅಂಕಿ ಶುರುವಾದದ್ದು 2000ದಿಂದ. ಮೂರು ಅಂದರೆ ಅದಕ್ಕೂ ಹಿಂದಿನದು. 23ನೇ ವಾರ, ಕೊನೆಯ 8 ವರ್ಷ. 1998 ಇರಬೇಕು. 1988 ಕೂಡ ಆಗಬಹುದು.

ಬದಿಯಡ್ಕ ಪದ್ಮಿನಿ:
ಅಪ್ಪನನ್ನು ಕೇಳಿದೆ. ನನ್ನ ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಮಂಗಳೂರಿನಿಂದ ತಂದದ್ದಂತೆ. ಅಂದರೆ 1998. ಇಷ್ಟು ವರ್ಷವೂ ಅದನ್ನು ನಂಬಿಕೊಂಡು ಓಡಾಡಿದ್ದಾರೆ. 155 ಹುಡುಕಲು ಶನಿವಾರ ಹೊರಡುತ್ತೇನೆ. ನಾಲ್ಕಲ್ಲ, ಐದು ಬೇಕು.

ಪೆರ್ಲ 86:
155 ಸಿಗದಿದ್ದರೆ ಹೇಳಿ. ನನ್ನ ಗಾಡಿ ಓಡಿಸಿ ನೋಡಲು ಅಪ್ಪನನ್ನೇ ಕರೆದುಕೊಂಡು ಬನ್ನಿ. ಭಾರ ಆಗುತ್ತದೋ ಇಲ್ಲವೋ ಅವರೇ ಹೇಳಲಿ.