ಕಣ್ಣಿಗೆ ವಿಇಜಿಎಫ್ ತಡೆಯುವ ಇಂಜೆಕ್ಷನ್: ಹಾಕಿಸಿದವರು ಅನುಭವ ತಿಳಿಸಿ

ಪ್ರಶ್ನೆ (ಗೌರಿಬಿದನೂರು): ಸಕ್ಕರೆ ಕಾಯಿಲೆಯಿಂದ ನಮ್ಮ ತಂದೆಯವರ ಅಕ್ಷಿಪಟಲದ ನಡುಭಾಗದಲ್ಲಿ ನೀರು ತುಂಬಿದೆ. ಕಳೆದ ವರ್ಷ ಅವರಿಗೆ ಹೃದಯಾಘಾತವೂ ಆಗಿತ್ತು. ರಕ್ತನಾಳಗಳನ್ನು ಸೋರಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯಲು ಕಣ್ಣಿಗೆ ಇಂಜೆಕ್ಷನ್ ಹಾಕಿಸಬೇಕಂತೆ. ರಾನಿಬಿಝುಮ್ಯಾಬ್, ಬೆವಾಸಿಝುಮ್ಯಾಬ್, ಅಫ್ಲಿಬರ್ಸೆಪ್ಟ್ ಎಂಬ ಮೂರರಲ್ಲಿ ಯಾವ ಔಷಧ ಹಾಕಿಸಲಿ?

ತಿಪಟೂರಿನಿಂದ: ನಮ್ಮ ಯಜಮಾನರಿಗೆ ರಾನಿಬಿಝುಮ್ಯಾಬನ್ನೇ ಹಾಕಿಸಿದೆವು. ಒಂದೊಂದು ಸಲಕ್ಕೂ ಇಪ್ಪತ್ತು ಸಾವಿರದ ಮೇಲಾಯಿತು. ಅಕ್ಷಿಪಟಲದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್, ಹನಿ ಔಷಧ, ಬೆಂಗಳೂರಿನ ಓಡಾಟ ಬೇರೆ. ಅಟ್ಟದ ಮೇಲಿದ್ದ ಕೊಬ್ಬರಿಯನ್ನೆಲ್ಲ ದರ ಏರುವ ಮೊದಲೇ ಮಾರಿದೆವು. ಬೆವಾಸಿಝುಮ್ಯಾಬ್ ಅಗ್ಗವೆಂಬುದು ನಿಜ. ಆದರೆ 2004ರಲ್ಲಿ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರಿಗೆಂದು ಒಪ್ಪಿಗೆ ಪಡೆದ ಆ ಔಷಧದ ದೊಡ್ಡ ಸೀಸೆಯನ್ನು ಒಡೆದು ಸಣ್ಣ ಸಿರಿಂಜುಗಳಿಗೆ ತುಂಬುವಾಗ ಸೋಂಕು ಸೇರಿದರೆ ಕಣ್ಣೇ ಹೋದೀತು.

ಶಿಡ್ಲಘಟ್ಟದಿಂದ: ಹೀಗೆ ಬೆದರಿಸಿದರೆ ಬಡವರು ಚಿಕಿತ್ಸೆಯನ್ನೇ ಬಿಟ್ಟಾರು, ತಾಯಿ. ನಮ್ಮಮ್ಮನಿಗೆ ಬೆವಾಸಿಝುಮ್ಯಾಬನ್ನೇ ಹಾಕಿಸಿದ್ದು. ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡಿನ ಎಳೆಯ ತುದಿಯನ್ನು ಅವರು ಈಗ ಯಾರ ನೆರವೂ ಇಲ್ಲದೆ ಹಿಡಿಯುತ್ತಾರೆ. ಎರಡೂ ಔಷಧಗಳು ಸರಿಸಮವೆಂದು 2011ರಲ್ಲೇ ಅಮೆರಿಕದ ಪರೀಕ್ಷೆಯೊಂದು ತೋರಿಸಿದೆ.

ತಿಪಟೂರಿನಿಂದ: ಆ ಪರೀಕ್ಷೆ ನಡೆದದ್ದು ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ (ಮ್ಯಾಕುಲಾ) ಸವೆದವರ ಮೇಲೆ, ಸಕ್ಕರೆ ಕಾಯಿಲೆಯವರ ಮೇಲಲ್ಲ. ಸಕ್ಕರೆಯವರನ್ನೇ ಆಯ್ದು ನಡೆಸಿದ ಪರೀಕ್ಷೆಯ ಫಲಿತಾಂಶ ಬಂದದ್ದು 2015ರಲ್ಲಿ: ದೃಷ್ಟಿ ಸ್ವಲ್ಪವೇ ಕುಂದಿದ್ದರೆ ಮೂರೂ ಔಷಧಗಳು ಸಮ, 6/15 (ಸರಿಯಾದ ಕಣ್ಣು ಹದಿನೈದು ಮೀಟರಿನಿಂದ ಓದುವುದನ್ನು ಆರು ಮೀಟರಿನಿಂದಷ್ಟೇ ಓದುವ ದೃಷ್ಟಿ) ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೊದಲ ವರ್ಷದಲ್ಲಿ ಅಫ್ಲಿಬರ್ಸೆಪ್ಟ್ ಮೇಲು. ಅರ್ಧ ಓದಿ ಬರೆಯಬೇಡಿ.

ಶಿಡ್ಲಘಟ್ಟದಿಂದ: ಹಾಗಾದರೆ ತಾವು ಕೊಬ್ಬರಿ ಮಾರಿ ಹಾಕಿಸಿದ ಔಷಧವೂ ಎರಡನೆಯ ಸಾಲಿನದೇ ಆಯಿತಲ್ಲ!

ಕೋಲಾರದಿಂದ: ಸೀಸೆಯ ಜಗಳದಲ್ಲಿ ಇಬ್ಬರೂ ಮೂಲವನ್ನು ಮರೆತಿದ್ದೀರಿ. ಆಮ್ಲಜನಕ ಸಾಲದ ಅಕ್ಷಿಪಟಲವೇ ವಿಇಜಿಎಫ್ ಪ್ರೋಟೀನನ್ನು ಅತಿಯಾಗಿ ಹೊರಬಿಡುವುದರಿಂದ ರಕ್ತನಾಳಗಳು ಸೋರುತ್ತವೆ, ಬೇಡದ ಕಡೆ ಹೊಸವು ಚಿಗುರುತ್ತವೆ. ನಾನು ಲೇಸರ್ ಮಾಡಿಸಿ ಆ ಹಸಿದ ಭಾಗವನ್ನೇ ಸುಡಿಸಿದೆ. ಇರುಳಿನಲ್ಲಿ ಕಾಣುವುದು ಕಡಿಮೆಯಾಗಿದೆ, ಪಕ್ಕದಿಂದ ಬರುವ ಬೈಕು ತಡವಾಗಿ ಕಣ್ಣಿಗೆ ಬೀಳುತ್ತದೆ. ಆದರೂ ತಿಂಗಳು ತಿಂಗಳೂ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪಿದೆ. ಗಾಯ ಮಾಯಲು, ಏಟು ತಿಂದ ಹೃದಯಕ್ಕೆ ಹೊಸ ನಾಳ ಮೂಡಲು ಇದೇ ಪ್ರೋಟೀನು ಬೇಕು. ಗೌರಿಬಿದನೂರಿನವರು ಹೃದಯದ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ತಿಪಟೂರಿನಿಂದ: ಲೇಸರಿನ ಬಡಾಯಿ ಸಾಕು, ಸ್ವಾಮಿ. ಅವರ ತಂದೆಗೆ ನೀರು ನಿಂತಿರುವುದು ನಟ್ಟನಡುವೆ. ಅಲ್ಲಿ ಸುಡಿಸಿದರೆ ಓದುವ ದೃಷ್ಟಿಯೇ ಹೋದೀತು. ನಿಮಗೆ ಸುಟ್ಟದ್ದು ಅಂಚಿನಲ್ಲೋ ನಡುವಿನಲ್ಲೋ, ಅದನ್ನು ಮೊದಲು ಬರೆಯಿರಿ.